ದುಂಡಮಾದ ಕತೆ ಹೇಳಲು ಕಲಿತದ್ದು

ಹೂಂಗುಟ್ಟೋರು ಹತ್ತಿರ ಬನ್ನಿ, ನಿದ್ದೆ ಬಂದೋರು ಒಲೆ ಕಡೆ ಸರೀರಿ. ಇದು ನಗೋ ಕತೆ ಅಂತ ಶುರುವಾಗ್ತದೆ. ನಗು ಬಂದರೆ ನಕ್ಕುಬಿಡಿ, ಆಮೇಲೆ ನಗೋಕೆ ಆಗುತ್ತೋ ಇಲ್ಲವೋ ನಾನು ಹೇಳಲಾರೆ.

ಒಂದು ಊರಲ್ಲಿ ಹೊನ್ನಾಜಮ್ಮ ಅಂತ ಒಬ್ಬಳು ಇದ್ದಳು. ಅವಳಿಗೆ ಒಬ್ಬ ಮಗ, ದುಂಡಮಾದ. ಆಳು ನೋಡಿದರೆ ಎತ್ತಿನ ಹಾಗೆ, ತಲೆ ನೋಡಿದರೆ ಬೋರಲು ಹಾಕಿದ ಗಡಿಗೆ ಹಾಗೆ. ‘ಬಾಗಿಲು ನೋಡ್ಕೋ’ ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವನು, ಹಿತ್ತಿಲಿಂದ ನಾಯಿ ನುಗ್ಗಿ ಹಿಟ್ಟು ತಿಂದು ಹೋದರೂ ತಿರುಗುವನಲ್ಲ. ಒಂದೇ ಒಂದು ಗುಣ ಅವನಲ್ಲಿತ್ತು. ಕೇಳಿದ ಮಾತನ್ನು ಮರೆಯುತ್ತಿರಲಿಲ್ಲ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ.

ಅವನ ಅಪ್ಪ ಗುರುಮಲ್ಲ ಕತೆ ಹೇಳುವವನು. ಸುತ್ತಿನ ಹಳ್ಳಿಗಳಿಗೆಲ್ಲ ಅವನೇ ಕತೆಗಾರ. ಸಂಜೆ ಕತೆ ಮುಗಿಸಿ ಬಂದು ಮುದ್ದೆ ಮುರೀತಾ ಹೆಂಡತಿಗೆ ಹೇಳೋನು: “ಇವತ್ತು ವಸ್ತು ಚೆನ್ನಾಗಿತ್ತು ಕಣೇ, ಪಾತ್ರ ಮೇಲೇಳಲಿಲ್ಲ.” ಇನ್ನೊಂದು ದಿನ, “ಇವತ್ತು ಸುಳಿವು ಬೇಗ ಬಿಟ್ಟುಕೊಟ್ಟೆ.” ಹೀಗೆ ಕೇಳೀ ಕೇಳೀ ಹೊನ್ನಾಜಮ್ಮನಿಗೆ ಕತೆ ಬಿಚ್ಚಿ ನೋಡೋದು, ಮತ್ತೆ ಕಟ್ಟೋದು ಎಲ್ಲ ಬರುತ್ತಿತ್ತು. ಆದರೆ ಹೆಂಗಸು ಕತೆ ಗದ್ದುಗೆ ಮೇಲೆ ಕೂರಬಾರದು ಅಂತ ಊರ ಕಟ್ಟಳೆ.

ಆ ವರ್ಷ ಊರಲ್ಲಿ ಇಲಿ ಬಿದ್ದವು. ಅಟ್ಟದಿಂದ ಪಟಪಟ ಬಿದ್ದವು. ಅದರ ಹಿಂದೆಯೇ ಪ್ಲೇಗು ಬಂತು. ಕಂಕುಳಲ್ಲಿ ಗೆಡ್ಡೆ ಎದ್ದರೆ ಮುಗೀತು, ಹೊತ್ತುಕೊಂಡು ಹೋಗೋದೊಂದೇ ಬಾಕಿ. ಪಟೇಲ ನಂಜೇದೇವ ಡಂಗೂರ ಸಾರಿಸಿದ: “ಮನೆ ಬೀಗ ಹಾಕಿ! ಊರು ಬಿಡಿ!” ಜನ ಊರಾಚೆ ಹೊಲದಲ್ಲಿ ಗುಡ್ಲು ಹಾಕಿಕೊಂಡರು. ಗುಡ್ಲಿಗೆ ಬಂದಮೇಲೆ ಮೊದಲು ಸತ್ತವನು ಗುರುಮಲ್ಲ.

ಪಟೇಲ ಎಲ್ಲರಿಗೂ ನೆಲದೊಳಗಿನ ಹಗೇವಿನಲ್ಲಿ ಕೂಡಿಟ್ಟ ರಾಗಿ ಅಳೆದು ಕೊಡುತ್ತಿದ್ದ. ಸೌದೆ ತರೋನಿಗೆ ಪಾಲು, ಗುಂಡಿ ತೋಡೋನಿಗೆ ಪಾಲು, ಕತೆ ಹೇಳೋನಿಗೂ ಪಾಲು. ಯಾಕಂದರೆ ಸಂಜೆಯಾದರೆ ಗುಡ್ಲಿನ ಜನಕ್ಕೆ ಭಯ. ಕೈಯಿ ತಾನಾಗಿ ಕಂಕುಳಿಗೆ ಹೋಗೋದು. ಕತೆ ಇದ್ದರೆ ಅಷ್ಟು ಹೊತ್ತು ಕೈ ಮಡಿಲಲ್ಲಿ ಇರೋದು.

“ಗುರುಮಲ್ಲ ಹೋದ. ಇನ್ನು ನಿಮಗೆ ಪಾಲು ಹೆಂಗೆ ಕೊಡಲಿ ಹೊನ್ನಾಜಿ?” ಅಂದ ಪಟೇಲ.

“ನನ್ನ ಮಗ ಹೇಳ್ತಾನೆ ಬುದ್ಧಿ! ಅವನಿಗೆ ಎಲ್ಲಾ ಬಾಯಿಪಾಠ!”

ಬಾಯಿಪಾಠ ಅಂದದ್ದು ಸುಳ್ಳು, ಅಪ್ಪ ಕತೆಗೆ ಹೋದಾಗಲೆಲ್ಲ ದುಂಡಮಾದ ಮನೇಲಿ ಬಾಗಿಲು ನೋಡುತ್ತಾ ಕೂತಿರುತ್ತಿದ್ದ, ಒಂದು ಕತೇನೂ ಕೇಳಿರಲಿಲ್ಲ. ಸರಿ, ಸಂಜೆ ಅವನನ್ನ ಕೂರಿಸಿದರು. ಜನ ಸೇರಿದರು. ದುಂಡಮಾದ ಗಂಟಲು ಸರಿಮಾಡಿಕೊಂಡ.

“ಒಬ್ಬ ರಾಜ ಇದ್ದ. ಅವನು ಎದ್ದ. ಉಂಡ. ಮಲಗಿದ. ಆಮೇಲೆ ಎದ್ದ. ಉಂಡ. ಮಲಗಿದ. ಆಮೇಲೆ ಎದ್ದ...”

“ಆಮೇಲೆ?”

“ಉಂಡ.”

ಜನ ಎದ್ದರು. “ಏನ್ಲಾ ಇದು! ಕತೇಲಿ ಏನೂ ಇಲ್ಲವಲ್ಲ!” ಅಂದುಕೊಂಡು ಗುಡ್ಲು ಸೇರಿದರು. ಅವ್ವ ಹಣೆ ಹಣೆ ಬಡಿದುಕೊಂಡಳು.

“ಅಯ್ಯೋ ಬೆಪ್ಪೇ! ಕತೆಗೆ ಒಂದು ವಸ್ತು ಬೇಡವಾ? ವಸ್ತು ಇಲ್ಲದೆ ಬಾಯಿ ತೆಗೀಬಾರದು ಅಂತಿದ್ದರು ನಿಮ್ಮಪ್ಪ. ಕೇಳೋರ ಮನೆಯೊಳಗಿಂದಲೇ ತಂದ ವಸ್ತುವಾದರೆ ಇನ್ನೂ ಚೆಂದ. ಎದೆಗೆ ತಾಕಬೇಕು! ತಿಳೀತಾ?”

“ಆಗಲವ್ವ,” ಅಂದ ದುಂಡಮಾದ.

ಮಾರನೇ ದಿನ ಮಧ್ಯಾಹ್ನ ಅವನು ನೆಟ್ಟಗೆ ಬೀಗ ಹಾಕಿದ ಊರೊಳಕ್ಕೆ ಹೋದ. ಬೀದೀಲಿ ಒಂದು ನರಪಿಳ್ಳೆ ಇಲ್ಲ. ಅಲ್ಲಲ್ಲಿ ಸತ್ತ ಇಲಿ. ದುಂಡಮಾದನಿಗೆ ಏನೂ ಅನ್ನಿಸಲಿಲ್ಲ. ಅವ್ವ ವಸ್ತು ಅಂದಿದ್ದಳು, ಅವನು ವಸ್ತು ಹುಡುಕುತ್ತಿದ್ದ. ಒಂದು ಮನೆ ಹಿತ್ತಿಲ ಬಾಗಿಲು ಮುರಿದು ಒಳಗೆ ಹೋಗಿ ಒಂದು ಕರೀ ಕಂಬಳಿ ತಂದ.

ಸಂಜೆ ಜನ ಕೂತಿದ್ದರು. ದುಂಡಮಾದ ಕಂಬಳಿ ಎತ್ತಿ ಹಿಡಿದ. “ವಸ್ತು ತಂದಿದೀನಿ! ನಿಮ್ಮ ಮನೆಯೊಳಗಿಂದಲೇ ತಂದಿದೀನಿ!” ಅಂದವನೇ ಮುಂದೆ ಕೂತಿದ್ದ ಹೆಂಗಸಿನ ಎದೆಗೆ ಒತ್ತಿದ. “ತಾಕ್ತಾ ಚಿಕ್ಕವ್ವ?”

ಅದು ಅವಳ ಗಂಡ ಹೊದ್ದು ಸತ್ತ ಕಂಬಳಿ.

ಜನ ಹೋ ಅಂತ ಕಿರುಚಿಕೊಂಡು ಚೆದುರಿದರು. “ರೋಗದ ಕಂಬಳಿ! ಬಿಸಾಡೇ! ಬಿಸಾಡೇ!” ಆ ಹೆಂಗಸು ಬಿಸಾಡಲಿಲ್ಲ. ಮುಖಕ್ಕೆ ಒತ್ತಿಕೊಂಡು ಮೂಸಿದಳು. ಮೂಸಿ ಮೂಸಿ ಅತ್ತಳು. ಕೊನೆಗೆ ಉದ್ದನೆ ಬಿದಿರ ಗಳು ತಂದು, ಗಳುವಿನ ತುದಿಯಿಂದ ಅವಳ ಕೈಯಿಂದ ಕಂಬಳಿ ಎಳೆದು, ಸುಟ್ಟರು. ಅದು ಉರಿದು ಬೂದಿಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು.

“ಲೋ ನನ್ನ ಹೊಟ್ಟೆ ಉರಿಸೋಕೆ ಹುಟ್ಟಿದೋನೇ! ಏನ್ಲಾ ಮಾಡಿದೆ?” ಅಂದಳು ಅವ್ವ.

“ನೀನೇ ಹೇಳಿದ್ಯಲ್ಲವ್ವ, ಮನೆಯೊಳಗಿಂದಲೇ ತಂದ ವಸ್ತು ಅಂತ?”

“ಹೇಳಿದ್ದು ಹೌದು, ಹಂಗಲ್ಲ ಕಣ!”

“ಹಂಗಲ್ಲದಿದ್ರೆ ಹೆಂಗೆ?”

ಹೊನ್ನಾಜಮ್ಮ ಒಲೆಗೆ ಸೌದೆ ತಳ್ಳಿದಳು. ನಿಟ್ಟುಸಿರು ಬಿಟ್ಟು ಅಂದಳು: “ವಸ್ತು ಬಿಡು. ಅದು ನಿನ್ನ ಕೈಲಾಗೋದಲ್ಲ. ಪಾತ್ರ ಸರಿ ನೋಡ್ಕೋ. ಪಾತ್ರಕ್ಕೆ ಜೀವ ತುಂಬಬೇಕು. ಹೆಂಗೆ ತುಂಬಬೇಕು ಅಂದರೆ, ನೀನು ಬಾಯಿ ಬಿಟ್ಟ ಕೂಡಲೇ ಪಾತ್ರದೊಳಗಿಂದ ಎದ್ದು ಓಡಾಡಬೇಕು. ತಿಳೀತಾ?”

“ಆಗಲವ್ವ.”

ಆ ಸೀಮೆಯಲ್ಲಿ ಅಡುಗೆ ಪಾತ್ರೆಗೂ ಪಾತ್ರ ಅಂತಲೇ ಅನ್ನೋದು. ಹೊನ್ನಾಜಮ್ಮನಿಗೆ ಅದು ಹೊಳೀಲಿಲ್ಲ. ದುಂಡಮಾದನಿಗೆ ಬೇರೆ ಅರ್ಥ ಇದೆ ಅಂತ ಹೊಳೀಲಿಲ್ಲ.

ಬೆಳಗಿಂದ ಅವನು ಹೊಲದ ಬದುಗಳಲ್ಲಿ ಬಿಲ ತೋಡಿದ. ಸಂಜೆ ಹೊತ್ತಿಗೆ, ಗುಡ್ಲುಗಳ ಮುಂದೆ ತೊಳೆದು ಬೋರಲು ಹಾಕಿದ್ದ ಅಂಬಲಿ ಪಾತ್ರೆಗಳನ್ನೆಲ್ಲ ತಂದು ಸಾಲಾಗಿ ಇಟ್ಟು ತಟ್ಟೆ ಮುಚ್ಚಿದ. ಕಂಬಳಿಗೆ ಹೆದರಿದ್ದ ಜನ ದೂರದಲ್ಲೇ ನಿಂತಿದ್ದರು. ‘ಇವತ್ತು ವಸ್ತು ತಂದಿಲ್ಲ ತಾನೆ?’ ಅಂದರು. ‘ಇಲ್ಲ, ಇವತ್ತು ಬರೀ ಪಾತ್ರ’ ಅಂದ ದುಂಡಮಾದ. ಜನ ಕೂತರು.

“ಒಂದಾನೊಂದು ಕಾಲದಲ್ಲಿ...” ಅಂದು ತಟ್ಟೆ ತೆಗೆದ.

ಇಲಿ! ಒಂದಲ್ಲ, ಎರಡಲ್ಲ! ಪಾತ್ರೆ ತುಂಬ ಇಲಿ! ಎದ್ದವು, ಓಡಿದವು, ಮಕ್ಕಳ ಕಾಲ ಮೇಲೆ, ಮುದುಕರ ಮಡಿಲಲ್ಲಿ! “ಜೀವ ತುಂಬಿದೀನಿ! ನೋಡಿ, ಹೆಂಗೆ ಓಡಾಡ್ತವೆ!” ಅಂತ ದುಂಡಮಾದ ಚಪ್ಪಾಳೆ ತಟ್ಟಿದ.

ಇಲಿ ಕಂಡ ಜಾಗದಲ್ಲಿ ಇರೋಹಂಗಿಲ್ಲ. ಕತ್ತಲಾಗುವ ಮುಂಚೆ ಜನ ಕಟ್ಟಿದ ಗುಡ್ಲು ಕಿತ್ತು, ಜ್ವರದವರನ್ನ ಹೊತ್ತು, ಕಲ್ಲುದಿಬ್ಬದ ಮೇಲಕ್ಕೆ ಹೋದರು. ಹೊತ್ತುಕೊಂಡು ಹೋಗುವಾಗಲೇ ಒಂದು ಎಳೇ ಕೂಸು ಹೋಯಿತು. ಅದು ಇಲಿಯಿಂದ ಹೋಗಲಿಲ್ಲ, ಅದಕ್ಕೆ ಮೊದಲೇ ಜ್ವರ ಇತ್ತು ಅಂತ ಎಲ್ಲರಿಗೂ ಗೊತ್ತು. ಆದರೂ ಕೂಸಿನ ತಾಯಿ ದುಂಡಮಾದನ್ನ ನೋಡಿ ನೆಲಕ್ಕೆ ಉಗಿದಳು. ಪಟೇಲ ಹಗ್ಗ ತೆಗೆದುಕೊಂಡು ಅವನ ಬೆನ್ನು ಬಾಸುಂಡೆ ಬರೋ ಹಂಗೆ ಬಾರಿಸಿದ. ದುಂಡಮಾದ ಹೊಡೆಸಿಕೊಂಡು, “ನಾಳೆ ಚೆನ್ನಾಗಿ ಹೇಳ್ತೀನಿ ಬುದ್ಧಿ,” ಅಂದ.

ಅವ್ವ ಬಾಸುಂಡೆಗೆ ಹರಳೆಣ್ಣೆ ಸವರುತ್ತಾ ಅತ್ತಳು, ಬೈದಳು, ಮತ್ತೆ ಅತ್ತಳು.

“ನೀನೇ ಹೇಳಿದ್ಯಲ್ಲವ್ವ?”

“ಹೇಳಿದ್ದು ಹೌದು, ಹಂಗಲ್ಲ ಕಣ ಮಗ, ಹಂಗಲ್ಲ. ನೀನು ಕತೇನ ನಿನ್ನ ಕಣ್ಣಿಂದ ನೋಡ್ತಿದೀಯ. ಅದಕ್ಕೇ ಹಿಂಗಾಗೋದು. ಬೇರೆ ಒಬ್ಬರ ಕಣ್ಣಿಂದ ನೋಡು. ಅವರಿಗೆ ಏನು ಕಾಣ್ತದೋ ಅಷ್ಟನ್ನೇ ಹೇಳು. ಜಾಸ್ತಿ ಹೇಳಬೇಡ.”

“ಆಗಲವ್ವ.”

ದಿಬ್ಬದ ಮೇಲೆ ಪಕ್ಕದ ಗುಡ್ಲಿನಲ್ಲಿ ಬೆಳ್ಳಜ್ಜಿ ಅಂತ ಮುದುಕಿ ಇದ್ದಳು. ಹುಟ್ಟುಗುರುಡಿ. ಮಗ, ಸೊಸೆ ಇಬ್ಬರೂ ಹೋಗಿ ಒಂಟಿಯಾಗಿದ್ದಳು. ಅವಳೊಬ್ಬಳೇ ದುಂಡಮಾದನ್ನ ಕಂಡು ಓಡಿಹೋಗದವಳು, ಓಡೋಕೆ ದಾರಿ ಕಾಣಬೇಕಲ್ಲ. ದುಂಡಮಾದ ಅವಳ ಮುಂದೆ ಮಂಡಿಯೂರಿ ಕೂತು, ಅವಳ ಮುಖಕ್ಕೆ ಮುಖ ತಾಗಿಸಿ, ಕಣ್ಣಿಗೆ ಕಣ್ಣು ಒತ್ತಿದ.

“ಯಾರಪ್ಪ ಅದು?”

“ನಾನು ದುಂಡಮಾದ. ಅಲ್ಲಾಡಬೇಡ ಅಜ್ಜಿ, ನಿನ್ನ ಕಣ್ಣಿಂದ ನೋಡಬೇಕು.”

ಅಜ್ಜಿ ಅಲ್ಲಾಡಲಿಲ್ಲ. ಎಷ್ಟೋ ದಿನದಿಂದ ಯಾರೂ ಅವಳನ್ನ ಮುಟ್ಟಿರಲಿಲ್ಲ. ರೋಗದ ಮನೆಯವಳು ಅಂತ ಅಂಬಲಿಯನ್ನೂ ದೂರದಿಂದ ತಳ್ಳುತ್ತಿದ್ದರು.

“ಏನು ಕಾಣ್ತದೆ ಮಗ?”

“ಏನೂ ಇಲ್ಲ ಅಜ್ಜಿ. ಕತ್ತಲೆ.”

“ನನಗೂ ಅಷ್ಟೇ ಕಣಪ್ಪ. ಇನ್ನೊಂದು ಚೂರು ಹೊತ್ತು ನೋಡು.”

ಆ ಸಂಜೆ ಕತೆಗೆ ಬಂದವರು ಕೆಲವರೇ. ದುಂಡಮಾದ ಕೂತು “ಕತ್ತಲೆ” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಕತ್ತಲೆ” ಅಂದ. ಮತ್ತೆ, “ಕತ್ತಲೆ.” ಯಾರೂ ಬೈಯಲಿಲ್ಲ. ಸುಮ್ಮನೆ ಒಬ್ಬೊಬ್ಬರೇ ಎದ್ದು ಹೋದರು, ಹೋಗುವಾಗ ಕೈ ಕಂಕುಳಲ್ಲಿತ್ತು. ಮಾರನೇ ದಿನ ಪಟೇಲ ಹೇಳಿಕಳಿಸಿದ: “ಭಯ ಕಳೆಯೋಕೆ ಕತೆ ಹೇಳು ಅಂದರೆ ಇವನು ಭಯ ಹುಟ್ಟಿಸ್ತಾನೆ. ಇನ್ನೊಂದು ಸಲ ಹಿಂಗಾದರೆ ರಾಗಿ ಇಲ್ಲ, ದಿಬ್ಬದ ಮೇಲೆ ಜಾಗವೂ ಇಲ್ಲ.”

ಹೊನ್ನಾಜಮ್ಮ ಮಗನ ಗಲ್ಲ ಹಿಡಿದು ಕೂರಿಸಿಕೊಂಡಳು. ತೊದಲು ಮಗುವಿಗೆ ಹೇಳೋ ಹಂಗೆ ಬಿಡಿಸಿ ಬಿಡಿಸಿ ಹೇಳಿದಳು.

“ನೋಡು ಮಗ. ಕೇಳೋರು ಬೆಚ್ಚಿಬೀಳಬಾರದು. ಮುಂದೆ ಆಗೋದನ್ನ ಒಂದೇ ಸಲ ತಲೆ ಮೇಲೆ ಎತ್ತಿಹಾಕಬಾರದು. ಮೊದಲೇ ಒಂದು ಸುಳಿವು ಕೊಡಬೇಕು. ಯಾರಾದರೂ ಸಾಯ್ತಾರೆ ಅನ್ನು. ಸಾಯೋಕೆ ಮುಂಚೆಯೇ, ಅವರ ಬಾಗಿಲ ಹತ್ತಿರ, ಸಾವನ್ನ ನೆನಪಿಸೋದು ಏನಾದರೂ ಒಂದು ಇಟ್ಟಿರಬೇಕು. ಆಗ ಕೇಳೋರ ಮನಸ್ಸು ಮೆತ್ತಗೆ ತಯಾರಾಗಿರ್ತದೆ. ತಿಳೀತಾ?”

“ತಿಳೀತವ್ವ! ಈ ಸಲ ಚೆನ್ನಾಗಿ ತಿಳೀತು!”

ಪಟೇಲನ ಅಪ್ಪನಿಗೆ ಹಿಂದಿನ ದಿನದಿಂದ ಜ್ವರ. ಗುಡ್ಲೊಳಗೆ ನರಳೋದು ಆಚೆಗೆ ಕೇಳುತ್ತಿತ್ತು. ಪಟೇಲ ಮಾತ್ರ ಯಾರನ್ನ ಕಂಡರೂ “ಬರೀ ಶೀತ, ಬರೀ ಶೀತ” ಅನ್ನುತ್ತಿದ್ದ. ದುಂಡಮಾದ ಆ ನರಳಾಟ ಕೇಳಿದ. ಪಟೇಲ ತನ್ನನ್ನ ಹೊಡೆದಿದ್ದರೂ ಅವನ ಮೇಲೆ ಸಿಟ್ಟಿರಲಿಲ್ಲ. ಪಾಪ, ಬೆಚ್ಚಿಬೀಳಬಾರದು, ಮನಸ್ಸು ಮೆತ್ತಗೆ ತಯಾರಾಗಲಿ ಅಂತ ಹೋಗಿ ಎರಡು ಬಿದಿರು ಕಡಿದು ತಂದ. ಅಡ್ಡ ಕಟ್ಟಿ ಚಟ್ಟ ಮಾಡಿದ. ಪಟೇಲನ ಬಾಗಿಲ ಹತ್ತಿರ ಒರಗಿಸಿದ. ಪಕ್ಕದಲ್ಲಿ ಒಂದು ಮಡಕೆ, ಮಡಕೆಯಲ್ಲಿ ಕೆಂಡ.

ಪಟೇಲ ಆಚೆ ಬಂದ. ಚಟ್ಟ ನೋಡಿದ. ದುಂಡಮಾದನ್ನ ನೋಡಿದ.

“ಸುಳಿವು ಬುದ್ಧಿ,” ಅಂದ ದುಂಡಮಾದ. “ಬೆಚ್ಚಿಬೀಳಬೇಡಿ.”

ಒಳಗಿಂದ ಮುದುಕ “ಯಾರೋ ಅದು ಬಾಗಿಲಲ್ಲಿ?” ಅಂದ. ತಲೆ ಎತ್ತಿ ಸಂದಿಯಿಂದ ನೋಡಿದ. ಬಿದಿರು ಕಂಡಿತು, ಹೊಗೆ ಕಂಡಿತು. “ಓ, ತಯಾರಾಯಿತಾ,” ಅಂದು ತಲೆ ಇಳಿಸಿದ. ಹೊತ್ತು ಮುಳುಗುವುದರೊಳಗೆ ಹೋದ. ಅದೇ ಚಟ್ಟದ ಮೇಲೆ ಹೊತ್ತುಕೊಂಡು ಹೋದರು, ಬೇರೆ ಕಟ್ಟೋಕೆ ಯಾರಿಗೂ ಕೈ ಬರಲಿಲ್ಲ.

ಅಂದಿನಿಂದ ಜನ ದುಂಡಮಾದನಿಗೆ ಪೆದ್ದ ಅನ್ನೋದು ಬಿಟ್ಟರು. ಮಾರಿ ಅಂದರು. “ಅವನ ಕೈಲಿದೆ ಸಾವು! ಅವನು ಬಾಗಿಲಿಗೆ ಬಂದರೆ ಮುಗೀತು!” ತಾಯಿ ಮಗನನ್ನ ದಿಬ್ಬದಿಂದ ಇಳಿಸಿದರು. ಹಳ್ಳದ ಆಚೆ ಒಂದು ಬೇಲದ ಮರದ ಕೆಳಗೆ ನಾಲ್ಕು ಸೋಗೆ ಕಟ್ಟಿಕೊಂಡು ಇಬ್ಬರೂ ಕೂತರು. ರಾಗಿ ನಿಂತಿತು. ಅವ್ವ ಸೊಪ್ಪು ತರಿದು ಬೇಯಿಸಿದಳು. ಮಗನಿಗೆ ಬಡಿಸಿ, ತನಗೆ ಹಸಿವಿಲ್ಲ ಅಂದಳು. ಹಸಿವಿಲ್ಲ ಅಂದರೆ ಹಸಿವಿಲ್ಲ ಅಂತಲೇ ದುಂಡಮಾದ ಎಲ್ಲವನ್ನೂ ಉಂಡ.

ಆಮೇಲೆ ಒಂದು ಬೆಳಗ್ಗೆ ಅವ್ವ ಏಳಲಿಲ್ಲ. ಮೈ ಕೆಂಡ. ಕೈ ಎತ್ತಿ ಕಂಕುಳು ಮುಟ್ಟಿಕೊಂಡು ಕೈ ಇಳಿಸಿದಳು.

“ಏನವ್ವ?”

“ಏನಿಲ್ಲ. ಬಾ, ಕೂತ್ಕೋ. ಈ ಕಡೆ ಬೇಡ, ಕಾಲ ಕಡೆ ಕೂತ್ಕೋ.”

ದುಂಡಮಾದ ಕಾಲ ಕಡೆ ಕೂತ. ಅವ್ವ ಬಹಳ ಹೊತ್ತು ಅವನನ್ನೇ ನೋಡಿದಳು. ಇವನಿಗೆ ಇನ್ನು ಯಾರು ಹೇಳ್ತಾರೆ, ಯಾರು ಬೈತಾರೆ ಅಂತ ಅವಳ ಯೋಚನೆ. ಬಾಯಿಗೆ ಬಂದದ್ದು ಮಾತ್ರ ಕತೆಯ ಮಾತೇ. ಬದುಕಿಗೆ ಅದೊಂದೇ ದಾರಿ ಅಂತ ನಂಬಿದ್ದಳಲ್ಲ.

“ಎಲ್ಲಾ ಹೇಳಿಕೊಟ್ಟೆ ಕಣ ಮಗ, ಕೊನೆ ಒಂದು ಹೇಳಿಕೊಟ್ಟಿರಲಿಲ್ಲ. ನಿಮ್ಮಪ್ಪ ಅಂತಿದ್ದರು, ಕೊನೇನ ಮುಚ್ಚಿಬಿಡಬಾರದು ಅಂತ. ತೆರೆದಿಡಬೇಕು. ಮಿಕ್ಕಿದ್ದನ್ನ ಕೇಳೋರಿಗೆ ಬಿಡಬೇಕು. ಅವರೇ ಹೇಳಿಕೊಳ್ತಾರೆ.”

“ಆಗಲವ್ವ. ಮುಚ್ಚಲ್ಲ.”

“ಜಾಣ,” ಅಂದಳು ಹೊನ್ನಾಜಮ್ಮ. ಆ ಮಾತನ್ನ ಅವಳು ಅವನಿಗೆ ಹಿಂದೆಂದೂ ಅಂದಿರಲಿಲ್ಲ. ದುಂಡಮಾದನಿಗೆ ಎಷ್ಟು ಸಂತೋಷವಾಯಿತು ಅಂದರೆ, ಇನ್ನೊಂದು ಸಲ ಹೇಳಲಿ ಅಂತ ಕಾಲ ಹತ್ತಿರವೇ ಕಾದು ಕೂತ. ಬಿಸಿಲು ನೆತ್ತಿಗೆ ಬಂತು, ಇಳೀತು. ಅವ್ವನ ಪಾದ ಬಿಸಿ ಇದ್ದದ್ದು ತಣ್ಣಗಾಯಿತು. ಜ್ವರ ಬಿಟ್ಟಿತು ಅಂದುಕೊಂಡ. ಬಾಯಿ ಮೇಲೆ ನೊಣ ಕೂತರೂ ಅವ್ವ ಓಡಿಸಲಿಲ್ಲ, ಆಗ ಗೊತ್ತಾಯಿತು. ಸತ್ತವರನ್ನ ಅವನು ಬೇಕಾದಷ್ಟು ನೋಡಿದ್ದ.

ಅವನೇ ಗುಂಡಿ ತೋಡಿದ. ಆಳವಾಗಿ, ನೆಟ್ಟಗೆ ತೋಡಿದ. ಅವ್ವನನ್ನ ಎತ್ತಿ ಮಲಗಿಸಿದ, ಸೀರೆ ಸೆರಗು ಸರಿಮಾಡಿದ. ಒಂದು ಸಲಿಕೆ ಮಣ್ಣು ಎತ್ತಿದವನು ಹಂಗೇ ನಿಂತ. ‘ಕೊನೇನ ಮುಚ್ಚಿಬಿಡಬಾರದು. ತೆರೆದಿಡಬೇಕು.’ ಸಲಿಕೆ ಕೆಳಗಿಟ್ಟ. ಹಳ್ಳದ ದಡಕ್ಕೆ ಬಂದು ದಿಬ್ಬದ ಕಡೆ ಕೂಗಿದ:

“ಬನ್ನಿ! ಕೊನೆ ತೆರೆದಿಟ್ಟಿದೀನಿ! ಮಿಕ್ಕಿದ್ದು ನಿಮಗೆ ಬಿಟ್ಟಿದೆ!”

ಯಾರೂ ಬರಲಿಲ್ಲ. ದುಂಡಮಾದ ಗುಂಡಿ ಪಕ್ಕ ಕೂತು ಕಾದ. ಕಾಗೆ ಬಂದರೆ ಓಡಿಸಿದ. ನರಿ ಬಂದು ದೂರದಲ್ಲಿ ನಿಂತರೆ ಕಲ್ಲು ಬೀರಿದ. ಮತ್ತೆ ಕೂಗಿದ. ಮಾರನೇ ದಿನವೂ ಕೂಗಿದ. ದನಿ ಒಡೆದು ಹೋಗಿತ್ತು. ವಾಸನೆ ಹಳ್ಳ ದಾಟಿ ದಿಬ್ಬ ಹತ್ತಿತು. ಆಗ ಪಟೇಲ ಒಬ್ಬನೇ ಹೆಗಲ ಮೇಲಿನ ವಲ್ಲಿಯನ್ನ ಮೂಗಿಗೆ ಕಟ್ಟಿಕೊಂಡು ಇಳಿದು ಬಂದ.

“ಮುಚ್ಚೋ ಪಾಪಿ! ಹೆತ್ತವಳನ್ನ ಹಿಂಗೆ ಬಿಡ್ತಾರೇನೋ!”

“ಅವ್ವ ಮುಚ್ಚಬೇಡ ಅಂದಳು ಬುದ್ಧಿ. ಕೇಳೋರೇ ಕೊನೆ ಹೇಳಬೇಕಂತೆ. ನೀವು ಬಂದಿರಿ. ಹೇಳಿ.”

ಪಟೇಲ ಬೈಯೋಕೆ ಬಾಯಿ ತೆಗೆದ. ಹುಡುಗನ ಮುಖ ನೋಡಿದ. ಹುಚ್ಚನ ಹತ್ತಿರ ವಾದ ಮಾಡಿ ಏನು, ಏನಾದರೊಂದು ಒಳ್ಳೆ ಮಾತು ಹೇಳಿ ಮುಗಿಸೋಣ ಅಂದುಕೊಂಡ. ಸಲಿಕೆ ಎತ್ತಿಕೊಂಡು ಮಣ್ಣು ಎಳೆಯುತ್ತಾ ಅಂದ:

“ಕೇಳು ಹಂಗಾದರೆ. ನಿಮ್ಮವ್ವ ಇಲ್ಲಿಲ್ಲ. ನಿಮ್ಮಪ್ಪ ಬಂದು ಕರಕೊಂಡು ಹೋದ. ಇಬ್ಬರೂ ಮನೆ ಸೇರಿಕೊಂಡರು, ಸುಖವಾಗಿದ್ದಾರೆ. ಕತೆ ಮುಗೀತು.”

“ಮುಗೀತಾ?”

“ಮುಗೀತು. ಕತೆ ಮುಗಿದ ಮೇಲೆ ಯಾರೂ ಕೂತಿರಬಾರದು. ಎದ್ದು ಮನೆಗೆ ಹೋಗಬೇಕು.”

“ಆಗಲಿ ಬುದ್ಧಿ,” ಅಂದ ದುಂಡಮಾದ. ಅವನ ಮುಖ ಅರಳಿತು. ಕತೆಗೆ ಎಂಥ ಒಳ್ಳೇ ಕೊನೆ!

ಪಟೇಲ ಮಣ್ಣು ಸಮ ಮಾಡಿ, ಮೇಲೆ ಕಲ್ಲು ಪೇರಿಸಿ, ತಲೆ ಎತ್ತುವಷ್ಟರಲ್ಲಿ ಹುಡುಗ ಇರಲಿಲ್ಲ. ಸೋಗೆ ಗುಡ್ಲೊಳಗೆ ನೋಡಿದ, ಇಲ್ಲ. ದಿಬ್ಬದ ಮೇಲೆ ಕೇಳಿದ, ಬಂದಿಲ್ಲ ಅಂದರು. ಸಂಜೆ ದನ ಹುಡುಕಲು ಹೋದ ಒಬ್ಬ ಏದುಸಿರು ಬಿಡುತ್ತಾ ಬಂದ.

“ಬುದ್ಧಿ! ಊರೊಳಗಿಂದ ಹೊಗೆ ಬರ್ತಿದೆ!”

ಎಲ್ಲರೂ ದಿಬ್ಬದ ಅಂಚಿಗೆ ಓಡಿದರು. ಹೌದು, ಬೀಗ ಹಾಕಿದ ಸತ್ತ ಊರಿನ ನಡುವೆ ಒಂದೇ ಒಂದು ಮಾಡಿನ ಮೇಲೆ ಒಲೆ ಹೊಗೆ ಏಳುತ್ತಿತ್ತು. ಗುರುಮಲ್ಲನ ಮನೆ.

ಪಟೇಲ ಓಡಿದ. ಊರ ಬಾಗಿಲವರೆಗೂ ಓಡಿದ, ಅಲ್ಲಿ ಕಾಲು ನಿಂತಿತು. ಬೀದಿ ತುಂಬ ಇಲಿ. ಅಲ್ಲಿಂದಲೇ ಕೂಗಿದ: “ಲೋ! ಆಚೆ ಬಾರೋ! ಅಲ್ಲಿದ್ದರೆ ಸಾಯ್ತೀಯ ಕಣೋ, ಬಾರೋ!”

ದುಂಡಮಾದ ಬಾಗಿಲಿಗೆ ಬಂದ. ಮನೆ ಗುಡಿಸಿದ್ದ, ಕೈಯಲ್ಲಿ ಪೊರಕೆ ಇತ್ತು. ಒಳಗೆ ಒಲೆ ಮೇಲೆ ಬರೀ ನೀರು ಕುದಿಯುತ್ತಿತ್ತು. ಒಲೆ ಮುಂದೆ ಎರಡು ಮಣೆ ಹಾಕಿದ್ದ.

“ಬರ್ತೀನಿ ಬುದ್ಧಿ,” ಅಂದ. “ಅಪ್ಪ ಅವ್ವ ದಾರೀಲಿದ್ದಾರೆ ಅಂತ ಕಾಣ್ತದೆ, ಇನ್ನೂ ಬಂದಿಲ್ಲ. ಬಂದ ಮೇಲೆ ಕೇಳಿಕೊಂಡು ಬರ್ತೀನಿ.”